ಹಗ್ಗದ ಲೆಕ್ಕ

ಗುರುವಾರ, ಮಧ್ಯಾಹ್ನ
ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ತಂಗಿಗೆ,

'ಪ್ರೀತಿಯ' ಎಂದು ಬರೆಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಬರೆದಾಯಿತು, ಇರಲಿ. ಮುಂದೆ ಓದುತ್ತಾ ಹೋದಂತೆ ಆ ಪ್ರೀತಿ ಅಲ್ಲಲ್ಲಿ ಕಡಿಮೆ ಅನ್ನಿಸಿದರೆ, ಅದು ನಿನ್ನ ಭ್ರಮೆಯಲ್ಲ.

ನಿನ್ನ ಪತ್ರ ಬಂತು. ನಮ್ಮ ಮಿಡತೆಯನ್ನು ಇನ್ನೊಂದು ವರ್ಷ ನಿನ್ನ ಮನೆಯಲ್ಲೇ ಬಿಡು ಎಂದಿದ್ದೀಯ. ಮಗಳನ್ನು ಎರಡು ತಿಂಗಳಿಗೆಂದು ಕಳಿಸಿದರೆ ನೀನು ವರ್ಷವನ್ನೇ ಕೇಳುತ್ತೀ. ಬೆರಳು ಕೊಟ್ಟರೆ ಹಸ್ತ ನುಂಗುವುದು ಅಂದರೆ ಇದೇ. ಅವಳ ಅಪ್ಪನಿಗೆ ಪತ್ರ ತೋರಿಸಿದೆ. ಖುಷಿಯಾಗಿದ್ದಾಳಲ್ಲ, ಇರ್ಲಿ ಬಿಡೇ ಅಂದರು, ತಟ್ಟೆಯಿಂದ ತಲೆ ಕೂಡ ಎತ್ತದೆ. ಆ ರಾತ್ರಿ ಅವರಿಗೆ ಎರಡನೇ ಸಲ ಬಡಿಸಲಿಲ್ಲ.

ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತೇನೆ ಎಂದು ಹಟ ಹಿಡಿದವಳು ನಾನು, ಗೊತ್ತು. ಭಾಷೆ, ವಿಜ್ಞಾನ, ಚಿತ್ರ ಎಲ್ಲವೂ ನಗುನಗುತ್ತಲೇ ನಡೆದವು. ಭಿನ್ನರಾಶಿ ಬಂದದ್ದೇ ಬಂದದ್ದು, ಊಟದ ಮೇಜು ರಣರಂಗವಾಯಿತು. ನಾನು ಕೂಗುವುದು, ಅವಳು ಅಳುವುದು, ಪುಸ್ತಕ ನೆಲಕ್ಕೆ ಬೀಳುವುದು. ನೀನು ನಿನ್ನ ಬೀದಿಯ ನಾಲ್ಕಾರು ಮಕ್ಕಳನ್ನು ಮನೆಯಲ್ಲಿ ಕೂರಿಸಿಕೊಂಡು ಗಣಿತ ಹೇಳಿಕೊಡುತ್ತೀ ಎಂದೇ ಅವಳನ್ನು ಕಳಿಸಿದ್ದು. ಕಲಿತು ಬರಲಿ ಎಂದು ಕಳಿಸಿದೆನೇ ಹೊರತು ಅಲ್ಲೇ ಬೇರುಬಿಡಲಿ ಎಂದಲ್ಲ.

ಈಗ ಫೋನ್ ಮಾಡಿದರೆ ಬರೀ ಚಿಕ್ಕಮ್ಮನ ಪುರಾಣ. ಚಿಕ್ಕಮ್ಮ ಬೈಯೋದೇ ಇಲ್ಲಮ್ಮ, ಚಿಕ್ಕಮ್ಮನ ಪುಸ್ತಕ ಎಷ್ಟು ಚೆನ್ನಾಗಿದೆ ಗೊತ್ತಾ, ಚಿಕ್ಕಮ್ಮ ಹಿಂಗೆ, ಚಿಕ್ಕಮ್ಮ ಹಂಗೆ. ಅದನ್ನೆಲ್ಲ ಸಹಿಸಿಕೊಂಡೆ. ಕಳೆದ ಭಾನುವಾರ ಮಾತಾಡುತ್ತಾ ಮಾತಾಡುತ್ತಾ ಅವಳು ಒಳಗೆ ತಿರುಗಿ, ಅಮ್ಮಾ, ಒಲೆ ಆರಿಸ್ಲಾ ಎಂದು ಕೇಳಿದಳು. ನಿನ್ನನ್ನು. ನೀನೂ, ಹ್ಞೂಂ ಆರಿಸು ಅಂದೆ. ಒಬ್ಬರಿಗೂ ಏನೂ ಅನ್ನಿಸಲಿಲ್ಲ. ನಾನು ಫೋನ್ ಇಟ್ಟು ನಮ್ಮ ಅಡುಗೆಮನೆಗೆ ಹೋಗಿ ಉರಿಯದ ಒಲೆಯನ್ನು ಎರಡು ಸಲ ಆರಿಸಿದೆ. ಹೊಟ್ಟೆಕಿಚ್ಚು ಕಣೇ. ಬೇರೆ ಹೆಸರು ಯಾಕೆ ಕೊಡಲಿ?

ಮರುದಿನವೇ ನೀನು ಪಾಠಕ್ಕೆ ಬಳಸುವ ಆ ಪುಸ್ತಕವನ್ನೂ ಅದರ ಜೊತೆಗೆ ಮನೆಪಾಠಕ್ಕೆಂದೇ ಬರೆದ ಇನ್ನೆರಡು ಗಣಿತ ಪುಸ್ತಕಗಳನ್ನೂ ತರಿಸಿದೆ. ನನ್ನ ಕಸುಬು ನಿನಗೆ ಗೊತ್ತಿದೆ. ಫೋಟೋಗ್ರಾಫರುಗಳಿಗೆ ಬಾಡಿಗೆಗೆ ಹೋಗುವ ಒಂದೊಂದು ಲೆನ್ಸೂ ನನ್ನ ಕೈ ದಾಟಿಯೇ ಹೋಗಬೇಕು. ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿದ ನ್ಯೂಸ್‌ಪೇಪರು, ಅಲುಗಾಡದ ಸ್ಟ್ಯಾಂಡು, ಎಲ್ಲ ಲೆನ್ಸಿಗೂ ಅದೇ ಬೆಳಕು, ಒಂದೊಂದರಲ್ಲೂ ಆ ಪೇಪರಿನ ಫೋಟೋ ತೆಗೆದು ನೋಡುತ್ತೇನೆ. ಫೋಟೋದ ನಡುವೆ ಎಂಥ ಲೆನ್ಸಾದರೂ ಚೆನ್ನಾಗಿಯೇ ಕಾಣುತ್ತದೆ. ಅದರ ಬಂಡವಾಳ ಬಯಲಾಗುವುದು ಮೂಲೆಯಲ್ಲಿ. ಅಲ್ಲಿನ ಸಣ್ಣ ಅಕ್ಷರ ಓದಲು ಬಂದರೆ ಪಾಸು. ಪುಸ್ತಕಗಳಿಗೂ ಅದೇ ನ್ಯಾಯ ಮಾಡಿದೆ. ಅದೇ ಮೇಜು, ಅದೇ ದೀಪ, ಮೂರರಲ್ಲೂ ಅದೇ ಭಿನ್ನರಾಶಿಯ ಪಾಠ, ಕೊನೆಯ ಲೆಕ್ಕದವರೆಗೆ.

ನ್ಯಾಯ ಅಂದೆನಲ್ಲ, ಸುಳ್ಳು. ನಿನ್ನ ಪುಸ್ತಕದಲ್ಲಿ ತಪ್ಪು ಹುಡುಕಲೆಂದೇ ಕೂತಿದ್ದೆ.

ಮೊದಲನೆಯದರಲ್ಲಿ ಪುಟಪುಟಕ್ಕೂ ಹಲ್ಲುಕಿರಿಯುವ ಆನೆ. ಹೊಳಪಿನ ಕಾಗದದಲ್ಲಿ ದೀಪವೇ ಕಣ್ಣಿಗೆ ಹೊಡೆಯುತ್ತದೆ, ಲೆಕ್ಕ ಕಾಣುವುದಿಲ್ಲ. ಎರಡನೆಯದರಲ್ಲಿ ಒಂದೇ ಥರದ ನಲವತ್ತು ಲೆಕ್ಕ ಸಾಲಾಗಿ ನಿಂತಿವೆ, ಯಾಕೆ ಎಂದು ಕೇಳಿದರೆ ಪುಸ್ತಕ ಬಾಯಿಬಿಡುವುದಿಲ್ಲ. ನಿನ್ನದು ಒರಟು ಕಾಗದ, ಚಿತ್ರವೂ ಕಡಿಮೆ. ಆದರೆ ಒಂದು ಪುಟದಲ್ಲಿ ಒಂದೇ ಮಾತು, ಅದು ತಲೆಗೆ ಹೋದಮೇಲೆಯೇ ಮುಂದಿನದು. ಚೆನ್ನಾಗಿದೆ ಎಂದು ಹಲ್ಲು ಕಚ್ಚಿಕೊಂಡೇ ಒಪ್ಪಿಕೊಂಡೆ.

ಅಷ್ಟರಲ್ಲಿ ಹಗ್ಗದ ಲೆಕ್ಕ ಬಂತು. ಒಂದು ಹಗ್ಗದಲ್ಲಿ ಮೂರರಲ್ಲೊಂದು ಭಾಗ ಕತ್ತರಿಸಬೇಕು, ಉಳಿದದ್ದರಲ್ಲಿ ಅರ್ಧ ಕತ್ತರಿಸಬೇಕು, ಕೊನೆಗೆ ಎಷ್ಟು ಉಳಿಯಿತು? ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ ಆರರಲ್ಲೊಂದು ಭಾಗ ಅನ್ನುತ್ತದೆ. ತಪ್ಪು! ಮೂರರಲ್ಲೊಂದು ಭಾಗ ಉಳಿಯಬೇಕು. ಬರೆದ ಮಹಾನುಭಾವ ಉಳಿದದ್ದರ ಅರ್ಧ ತೆಗೆಯುವ ಬದಲು ಇಡೀ ಹಗ್ಗದ ಅರ್ಧ ಕಳೆದಿದ್ದಾನೆ. ನನಗೆ ನೋಡಿದ ಕೂಡಲೇ ಹೊಳೆಯಿತು. ಸ್ವರ್ಗಕ್ಕೆ ಮೂರೇ ಗೇಣು. ನಿನ್ನ ಪುಸ್ತಕದ ಮೂಲೆ ಮಸುಕಾಗಿತ್ತು!

ಕೂಡಲೇ ಫೋನ್ ಮಾಡಿದ್ದು ಅದಕ್ಕೇ. ನೀನು ಅಂಗಡಿಗೆ ಹೋಗಿದ್ದೆಯಂತೆ, ಅವಳೇ ಎತ್ತಿಕೊಂಡಳು. ನಿನ್ನ ಚಿಕ್ಕಮ್ಮನ ಪುಸ್ತಕದಲ್ಲಿ ಏನಿದೆ ನೋಡು ಎಂದು ನಾನು ಉಬ್ಬಿ ಉಬ್ಬಿ ಹೇಳಿದರೆ ಅವಳು ನಕ್ಕಳು. ಅಯ್ಯೋ ಅದಾ, ಅದು ಕಳ್ಳ ಉತ್ತರ ಅಲ್ವೇನಮ್ಮಾ ಅಂದಳು.

ಕಳ್ಳ ಉತ್ತರ! ನಮ್ಮ ಅಂಗಡಿಯಲ್ಲಿ ಒಂದು ಕಳ್ಳ ಲೆನ್ಸ್ ಇದೆ. ಒಳಗಿನ ಗಾಜು ಒಂದಿಷ್ಟು ವಾಲಿದ್ದು, ಎಡ ಮೂಲೆ ಮಾತ್ರ ಮಂಜು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಒಳ್ಳೆಯ ಲೆನ್ಸುಗಳ ಜೊತೆ ಅದನ್ನೂ ಸೇರಿಸಿ ಕೊಡುತ್ತೇನೆ, ಏನೂ ಹೇಳದೆ. ಹಿಡಿದವರ ಬೆನ್ನು ಅಂದಿನಿಂದ ನೆಟ್ಟಗಾಗುತ್ತದೆ. ಮಿಡತೆ ಇನ್ನೂ ಸ್ಟೂಲಿನಿಂದ ಕಾಲು ಇಳಿಬಿಟ್ಟು ಕೂರುತ್ತಿದ್ದಾಗಲೇ ಆ ಕಳ್ಳನನ್ನು ಹಿಡಿದು ಅಂಗಡಿಯ ತುಂಬ ಕುಣಿದಿದ್ದಳು. ಅವಳಿಗೆ ಮಿಡತೆ ಎಂಬ ಹೆಸರು ಬಿದ್ದದ್ದೇ ಆವತ್ತು.

ಕೆದಕಿ ಕೇಳಿದೆ. ನೀನು ಆ ಉತ್ತರವನ್ನು ಪೆನ್ನಿನಲ್ಲಿ ತಿದ್ದಲು ಹೊರಟಿದ್ದೆಯಂತೆ. ಬೇಡ ಚಿಕ್ಕಮ್ಮ, ಹಾಗೇ ಬಿಡು, ಎಲ್ರೂ ಅವ್ರವ್ರೇ ಹಿಡೀಲಿ, ನಮ್ಮಮ್ಮ ಅಂಗಡೀಲಿ ಹಂಗೇ ಮಾಡೋದು ಎಂದು ಅವಳು ನಿನ್ನ ಕೈ ಹಿಡಿದಳಂತೆ. ಪುಸ್ತಕವೇ ತಪ್ಪು ಎಂದು ತಾವಾಗಿ ಹಿಡಿದ ಮೇಲೆ ನಿನ್ನ ಮಕ್ಕಳು ಯಾರೂ ಭಿನ್ನರಾಶಿಗೆ ಹೆದರುತ್ತಿಲ್ಲವಂತೆ.

ಈಗ ನಿನ್ನ ಪತ್ರವನ್ನು ಇನ್ನೊಂದು ಸಲ ಓದಿದೆ. 'ಪಾಠದಲ್ಲಿ ಒಂದು ಹೊಸ ಕ್ರಮ ತಂದಿದ್ದೇನೆ, ಮಕ್ಕಳ ಭಯ ಹೋಗಿದೆ' ಎಂದು ಬರೆದಿದ್ದೀಯ. ಆ ಕ್ರಮ ಯಾರದು, ಎಲ್ಲಿಂದ ಬಂತು, ಒಂದಕ್ಷರವಿಲ್ಲ. ಚಿಕ್ಕಂದಿನಲ್ಲೂ ನೀನು ಹೀಗೇ, ನನ್ನ ಲಂಗ ಹಾಕಿಕೊಂಡು ಹೋಗಿ ಚೆಂದ ಅನ್ನಿಸಿಕೊಂಡು ಬರುತ್ತಿದ್ದೆ. ಬೈದದ್ದು ಮುಗಿಯಿತು. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನನಗೆ ಅಳುವೇ ಬಂತು. ನಮ್ಮಮ್ಮ ಹಂಗೇ ಮಾಡೋದು ಅಂದಳಲ್ಲ. ಅಷ್ಟು ದೂರ ಕೂತು ಅವಳು ನನ್ನದೊಂದು ಮಾತನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಆದ್ದರಿಂದ ಇರಲಿ, ಒಂದು ವರ್ಷ ಅಲ್ಲೇ ಓದಲಿ. ನಿನ್ನನ್ನೂ ಮೂಲೆ ಮೂಲೆ ಹಿಡಿದು ಪರೀಕ್ಷೆ ಮಾಡಿದ್ದೇನೆ, ಮಸುಕು ಸಿಗಲಿ ಎಂದು ಹಾರೈಸಿಯೇ ಮಾಡಿದ್ದೇನೆ. ಸಿಕ್ಕಿದ್ದು ಕಡಿಮೆ. ಆದರೆ ತಿಂಗಳಿಗೊಮ್ಮೆ ಅವಳು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂರಬೇಕು. ಕಳ್ಳ ಉತ್ತರ ಯಾರ ಕಸುಬಿನಿಂದ ಬಂತು ಎಂದು ನಿನ್ನ ಮಕ್ಕಳೆಲ್ಲರಿಗೂ ನೀನೇ ಹೇಳಬೇಕು. ಒಲೆಯನ್ನು ಅವಳು ಯಾರನ್ನು ಬೇಕಾದರೂ ಕೇಳಿ ಆರಿಸಲಿ. ಇಲ್ಲ, ಸುಳ್ಳು. ಚಿಕ್ಕಮ್ಮಾ ಎಂದೇ ಕೇಳಲಿ.

ನಿನ್ನ,
ಅಕ್ಕ

ತಾಜಾಕಲಂ: ತಪ್ಪು ನೋಡಿದ ಕೂಡಲೇ ಹೊಳೆಯಿತು ಎಂದು ಮೇಲೆ ಬರೆದೆನಲ್ಲ, ಹೊಳೆಯಲಿಲ್ಲ. ನನ್ನ ಉತ್ತರ ಮೊದಲೇ ಸರಿ ಬಂದಿತ್ತು. ಕೊನೆಯಲ್ಲಿನ ಉತ್ತರ ನೋಡಿ, ಪುಸ್ತಕ ಸುಳ್ಳು ಹೇಳುತ್ತದೆಯೇ ಎಂದು ಅದನ್ನು ಅಳಿಸಿಬಿಟ್ಟೆ. ಎರಡು ದಿನ ಅಳಿಸಿ ಅಳಿಸಿ ಕಾಗದ ತೂತಾಯಿತು, ಕಣ್ಣಲ್ಲಿ ನೀರೂ ಬಂತು. ಮಿಡತೆ ನನ್ನ ಮುಂದೆ ಕೂತು ಹೀಗೇ ಅಳುತ್ತಿದ್ದಳು, ನಾನು ಪುಸ್ತಕದಲ್ಲಿರೋದೇ ಸರಿ, ಅಳಿಸು ಅನ್ನುತ್ತಿದ್ದೆ. ಕೊನೆಗೆ ಅಂಗಡಿಯಲ್ಲಿ ಪಾರ್ಸೆಲ್ ಕಟ್ಟುವ ದಾರವನ್ನೇ ಲೆಕ್ಕದಲ್ಲಿ ಹೇಳಿದಂತೆ ಕತ್ತರಿಸಿ ನೋಡಿದೆ. ಮೂರು ತುಂಡು, ಮೂರೂ ಒಂದೇ ಉದ್ದ. ಎರಡನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ, ಒಂದು ಅವಳಿಗೆ, ಒಂದು ನಿನಗೆ. ಮೂರನೆಯದು ನನ್ನ ಹತ್ತಿರ ಇದೆ. ಅಳೆದು ನೋಡಿಕೋ, ನಿನ್ನದು ನನ್ನದಕ್ಕಿಂತ ಉದ್ದವಿಲ್ಲ.