ಎರಡೇ ಸಾಲು

ಮಾರ್ಚ್ ೧೧, ಮಂಗಳವಾರ

ಭಾವ ಆರಾಮಾಗಿ ಊಟ ಮಾಡುತ್ತಿದ್ದ ರೀತಿಯೇ ಕಣ್ಣೆದುರು ಬರುತ್ತಿದೆ. ಇನ್ನು ಈ ಡೈರಿಯಲ್ಲಿ ಅವನಿಗೆ ಬಹುವಚನವಿಲ್ಲ.

ಹೆಂಗಸರು ಮುಟ್ಟಿನ ದಿನ ಗುರುತಿಟ್ಟುಕೊಳ್ಳಲೆಂದು ನಾನೂ ಭಾವನೂ ಸೇರಿ ಮಾಡಿದ ಆ್ಯಪ್. ಓಪನ್ ಸೋರ್ಸ್, ಪುಕ್ಕಟೆ. ಬರೆದದ್ದು ಅವರವರ ಫೋನಿನಲ್ಲೇ ಉಳಿಯುತ್ತದೆ, ನಮಗೂ ಕಾಣುವುದಿಲ್ಲ. ಈಗ ಹೊಸ ನಿಯಮ ಬಂದಿದೆ: ಯಾರು ಬಳಸುತ್ತಾರೆ, ಏನು ಬರೆಯುತ್ತಾರೆ ಎಂಬುದೆಲ್ಲ ಸರ್ಕಾರಕ್ಕೆ ಗೊತ್ತಾಗಬೇಕಂತೆ. ಹೆಂಗಸರ ರಕ್ಷಣೆಗೇ ಅಂತೆ. ಹೋದ ವಾರ ಬಂದ ಅಧಿಕಾರಿ, ನಮ್ಮ ಹತ್ತಿರ ಏನೂ ಇಲ್ಲವೆಂದರೆ ನಂಬಲಿಲ್ಲ. "ಇಲ್ದೆ ಹೇಗಿರತ್ತೆ ಮೇಡಂ, ಯಾವ್ದಾದ್ರೂ ಬೀರುನಲ್ಲಿ ನೋಡಿ" ಎಂದ. ಅವನನ್ನು ಕ್ಷಮಿಸಬಹುದು, ಅವನಿಗೆ ಕಂಪ್ಯೂಟರೂ ಒಂದು ಬೀರುವೇ.

ಭಾವ ಹಾಗಲ್ಲ, ಗೊತ್ತಿದ್ದೂ ಮಾಡಿದ. ಇವತ್ತು ನೋಡಿದರೆ ಎಲ್ಲವನ್ನೂ ಸರ್ಕಾರಕ್ಕೆ ಕಳಿಸುವ ಎರಡು ಸಾಲು ಆ್ಯಪ್‌ನ ಕೋಡಿಗೆ ಸೇರಿಕೊಂಡಿದೆ. ಮೇಲೊಂದು ವಿವರಣೆ: "ಸಣ್ಣಪುಟ್ಟ ರಿಪೇರಿ." ಲೋಕವೆಲ್ಲ ಓದಬಹುದಾದ ಕೋಡಿನಲ್ಲಿ ಕಣ್ಣಿಗೆ ಮಣ್ಣೆರಚಲು ಹೊರಟ ಜಾಣ.

ಆ ಸಾಲು ಅಳಿಸಿ ಅಕ್ಕನ ಮನೆಗೆ ಹೋದೆ.

"ಎರಡೇ ಸಾಲಲ್ವಾ" ಎಂದ ಭಾವ, ಅನ್ನ ಕಲಸುತ್ತ. "ಕಾನೂನಿನ ಜೊತೆ ಗುದ್ದಾಡೋಕಾಗತ್ತಾ? ಅಷ್ಟಕ್ಕೂ ಅದ್ರಲ್ಲಿ ಮುಚ್ಚಿಡೋದೇನಿದೆ?"

ನಾನು ಜಗಳಕ್ಕೆ ಹೋಗಲಿಲ್ಲ. "ನಿಮ್ಮ ಮಗಳ ಫೋನಲ್ಲೂ ನಮ್ಮ ಆ್ಯಪ್ ಇದ್ಯಲ್ಲ ಭಾವ?" ಎಂದು ಕೇಳಿದೆ.

ತಟ್ಟೆಯಿಂದ ತಲೆ ಎತ್ತದೆ ಹೇಳಿದ, "ಇಲ್ಲ. ಅವಳದ್ದು ನಿನ್ನೇನೇ ತೆಗೆಸ್ದೆ."

ಬಡಿಸುತ್ತಿದ್ದ ಅಕ್ಕನ ಸೌಟು ಅಲ್ಲೇ ನಿಂತಿತು.

"ನಂದು?" ಎಂದಳು.