ಬಿಳಿ ಫಲಕದ ಸಮಾಚಾರ

ಬೇಗೂರು
೧೪ ಅಕ್ಟೋಬರ್ ೨೦೨೫, ಮಂಗಳವಾರ ಬೆಳಿಗ್ಗೆ

ಪ್ರೀತಿಯ ರಂಜಿನಿ,

ಹೇಗಿದ್ದೀಯ? ವಾಂತಿ ನಿಂತಿತೇ? ಅವ್ವ ಕೊಟ್ಟ ನಿಂಬೆ ಉಪ್ಪಿನಕಾಯಿ ನಿನ್ನ ಹೊಟ್ಟೆ ಸೇರಿತೋ, ಹಡಗಿನ ಅಡುಗೆಯವನ ಪಾಲಾಯಿತೋ? ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಭಾನುವಾರ ನಿನ್ನ ಫೋನು ಬಂದಾಗಿನಿಂದ ನನ್ನ ತಲೆ ನೆಟ್ಟಗಿಲ್ಲ. ನಿನ್ನೆ ಗುಂಡ್ಲುಪೇಟೆಯ ಕಾಲೇಜಿನಲ್ಲಿ ಒಂದೇ ಪದ್ಯವನ್ನು ಎರಡು ಸಲ ಪಾಠ ಮಾಡಿದೆ. ಹುಡುಗರು ಎರಡು ಸಲವೂ ತೂಕಡಿಸಿದ್ದರಿಂದ ಮಾನ ಉಳಿಯಿತು.

ವಾರಕ್ಕೊಮ್ಮೆ ಐದು ನಿಮಿಷದ ಮಾತು. ಅದರಲ್ಲಿ ನೀನು ಹೇಳಿದ್ದು, "ಕಡಲಿನ ಬಣ್ಣದಲ್ಲಿ ನೀಲಿ ಜಾಸ್ತಿ ಬರ್ತಾ ಇದೆ ಕಣ್ರೀ, ಉಪಗ್ರಹದ ಲೆಕ್ಕಕ್ಕೆ ತಾಳೆನೇ ಆಗ್ತಿಲ್ಲ. ಹಡಗಿನ ನೆರಳೋ ನೊರೆಯೋ ಸೇರ್ಕೋತಿದೆ. ಕೊಚ್ಚಿ ಬಂದರು ಬಿಟ್ಟ ಮೇಲೆ ಮುಂದಿನ ತುದಿಗೆ ಹೋಗಿ, ಕಂಬಿಯಾಚೆ ಬಗ್ಗಿ ಅಳೀತೀನಿ." ಬಗ್ಗುವುದಂತೆ! ಕಡಲಿನಲ್ಲಿ ಗಾಳಿ ಎದ್ದಿದೆ ಎಂದು ಟಿ.ವಿ.ಯವರು ಬಡಿದುಕೊಳ್ಳುತ್ತಿರುವಾಗ! ಬಂಡೀಪುರದ ರಸ್ತೆಗೆ ಆನೆ ಅಡ್ಡ ಬಂದರೆ ಗಾಡಿ ಹಿಂದಕ್ಕೆ ತೆಗೆಯಬಹುದು. ಅಲೆ ಬಂದರೆ ನಿನಗೆ ರಿವರ್ಸ್ ಗೇರು ಎಲ್ಲಿದೆ? "ನಿಮಗೆ ಗೊತ್ತಿರೋ ಸಮುದ್ರ ಕೆರೆ ಏರಿ ತನಕ" ಎಂದು ನಕ್ಕು ಫೋನಿಟ್ಟೆ. ನಕ್ಕವಳು ನೀನು, ಬೆವೆತವನು ನಾನು.

ನಿನ್ನ ವಿದ್ಯೆಯಲ್ಲಿ ನನ್ನ ತಲೆಗೆ ಹತ್ತಿದ್ದು ಇಷ್ಟು: ಬಿಸಿಲಿಗೆ ಓರೆಯಾಗಿ ನಿಂತು ಮೊದಲು ಬಿಳಿ ಫಲಕದ ಬೆಳಕು, ಆಮೇಲೆ ಆಕಾಶದ್ದು, ಆಮೇಲೆ ನೀರಿನದು ಅಳೆಯಬೇಕು. ನೀರಿನ ಮೇಲೆ ಬಿದ್ದ ಆಕಾಶದ ಹೊಳಪನ್ನು ಕಳೆದರೆ ಉಳಿದದ್ದು ಕಡಲಿನ ಸ್ವಂತ ಬಣ್ಣ. ಎಲ್ಲಕ್ಕೂ ಆ ಫಲಕವೇ ಸಾಕ್ಷಿ. ಅದು ಸುಳ್ಳು ಹೇಳಿದರೆ ಕಡಲೂ ಸುಳ್ಳು. ಮದುವೆಗೆ ಮುಂಚೆ ನಾನಾಡಿದ ಬಣ್ಣದ ಮಾತುಗಳನ್ನು ಅಳೆಯಲು ಅಂಥದ್ದೊಂದು ನಿನ್ನ ಬಳಿ ಇರಲಿಲ್ಲ, ನನ್ನ ಪುಣ್ಯ.

ಅವ್ವ ಪಕ್ಕದಲ್ಲೇ ಕೂತು, "ಅಮ್ಮಿಗೆ ಅಂಚ್ಗೆ ಓಗ್ಬ್ಯಾಡ ಅಂತ ಮೊದ್ಲು ಬರಿಲಾ, ಮಿಕ್ಕಿದ್ದು ಆಮ್ಯಾಕೆ" ಅನ್ನುತ್ತಿದ್ದಾಳೆ. ನಿನ್ನ ಸಹೋದ್ಯೋಗಿ ಸುಧಾಕರ್ ಕುದೇರಿನಿಂದ ಬಂದಿದ್ದಾನೆ. ಇಲ್ಲಿಂದಲೇ ಬಸ್ಸು ಹತ್ತಿ, ಗುರುವಾರ ಕೊಚ್ಚಿಯಲ್ಲಿ ಹಡಗು ಸೇರುತ್ತಾನೆ. ಈ ಪತ್ರ ಅವನ ಕೈಯಲ್ಲಿ.

ಅವ್ವನ ಆಶೀರ್ವಾದ ನಿನ್ನ ಮೇಲಿರಲಿ, ನಿನ್ನ ಕಾಲು ಹಡಗಿನ ಮೇಲಿರಲಿ.

ನಿನ್ನ,
ಶಾಂತರಾಜು (ಶಾಂತ ಹೆಸರಿನಲ್ಲಿ ಮಾತ್ರ)

ತಾ.ಕ.: ಮರೆತು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು. ಆಯುಧಪೂಜೆಯ ದಿನ ನೀನು ಮಲಗಿದ್ದಾಗ ಅವ್ವ ನಿನ್ನ ಯಂತ್ರದ ಪೆಟ್ಟಿಗೆ ತೆಗೆದು, "ಅನ್ನ ಕೊಡೋ ಸಾಮಾನು ಕಣ್ಲಾ, ಈಬೂತಿ ಕುಂಕ್ಮ ಇಕ್ದೆ ಬುಡಕಾಯ್ತದ?" ಎಂದು ಬಿಳಿ ಫಲಕಕ್ಕೆ ಬಳಿದುಬಿಟ್ಟಳು. ನೀನು ಏಳುವುದರೊಳಗೆ ನಾನು ಸೋಪು ಹಾಕಿ ತಿಕ್ಕಿ, ಒರೆಸಿ ಒಳಗಿಟ್ಟೆ. ಕಣ್ಣಿಗೆ ಕಾಣದಷ್ಟು ಹೋಯಿತು ಎಂದುಕೊಂಡೆ. ನಿನ್ನ ಯಂತ್ರಕ್ಕೆ ಕಂಡಿದೆ. ನಿನ್ನೆ ಭೌತಶಾಸ್ತ್ರದ ಮೇಷ್ಟ್ರನ್ನು ಸುತ್ತುಬಳಸಿ ಕೇಳಿದೆ: ಫಲಕಕ್ಕೆ ಕೆಂಪು ಹತ್ತಿದ್ದರೆ ಅದು ನೀಲಿಯನ್ನು ನುಂಗುತ್ತದೆ, ಅದರ ಜೊತೆ ಹೋಲಿಸಿದಾಗ ಕಡಲು ಇರುವುದಕ್ಕಿಂತ ನೀಲಿ ಎಂದು ಲೆಕ್ಕ ಬರುತ್ತದಂತೆ. ತಪ್ಪು ನೆರಳಿನದಲ್ಲ, ನೊರೆಯದಲ್ಲ, ನಿನ್ನ ಕೈಯದೂ ಅಲ್ಲ. ಭಾನುವಾರ ಹೇಳಲು ಬಾಯಿ ತೆರೆದೆ, ಧೈರ್ಯ ಸಾಲಲಿಲ್ಲ. ಸುಧಾಕರ್ ಹತ್ತಿರ ಬೇರೆ ಫಲಕ ಇದೆಯಂತೆ. ಕಂಬಿಯಾಚೆ ಬಗ್ಗಬೇಡ. ಬಸ್ಸು ಬಂತು, ಅವನು ಕಾಗದ ಎಳೆಯುತ್ತಿದ್ದಾನೆ. ಬೈಯುವುದಕ್ಕಾದರೂ ಭಾನುವಾರ ಫೋನು ಮಾಡು.