ಬಾಗಿಲ ಮೇಲಿನ ಸುಳ್ಳು ಗುರುತು

ದಾಂಡೇಲಿ,
೬ ಮಾರ್ಚ್ ೨೦೨೪, ಬುಧವಾರ

ಮಗನೇ ಮೌನೇಶ,

ನೂರು ವರ್ಷ ಬಾಳು. ಬೆನ್ನುನೋವು ಕಡಿಮೆಯಾಯಿತೇ? ವಾಪಿಯ ಕಾರ್ಖಾನೆಯ ಕ್ಯಾಂಟೀನ್ ಊಟ ಒಗ್ಗದಿದ್ದರೆ ಒಂದು ಹೊತ್ತಾದರೂ ರೊಟ್ಟಿ ಬಡಿದುಕೊಂಡು ತಿನ್ನು. ನಿನ್ನ ಕೂಸು ಗುಂಡಗೆ ಇದೆ, ಗೋಡೆ ಹಿಡಿದು ನಿಲ್ಲುತ್ತಾಳೆ. ಕ್ಷೇಮಸಮಾಚಾರ ಇಷ್ಟು ಸಾಕು. ಫೋನಿನಲ್ಲಿ ಬೈದರೆ ಕಟ್ ಮಾಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು.

ಭಾನುವಾರ ಪೋಲಿಯೊ ಹನಿಯ ದಿನ. ಬೂತಿಗೆ ಹೋಗೋಣವೆಂದರೆ ನಿನ್ನ ಹೆಂಡತಿ ಜ್ಯೋತಿ, ಕೂಸಿಗೆ ನೆಗಡಿ ಎಂದಳು. ಮರುದಿನ ಮನೆಗೇ ಬಂದು ಹಾಕುತ್ತಾರಲ್ಲ ಎಂದು ಸುಮ್ಮನಾದೆ. ಸೋಮವಾರ ಪೇಟೆಯಿಂದ ಬಂದು ನೋಡಿದರೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಾರೀಖು. ಹನಿ ಹಾಕಿ ಮುಗಿದ ಮನೆಗೆ ಬರೆಯುವ ಗುರುತು ಅದು. ನಿರಾಳವಾದೆ. ನಿನ್ನೆ ಆಶಾ ಕಾರ್ಯಕರ್ತೆ ಮೆಹರೀನ ಬಂದು ಬಾಗಿಲನ್ನೇ ನೋಡುತ್ತ ನಿಂತಳು. "ಕಾಕೂ, ಇದು ನಾ ಬರದಿದ್ದಲ್ರಿ. ನಾ ಬಂದಾಗ ಕೀಲಿ ಹಾಕಿತ್ತು, ಹನಿ ಬಾಕಿ ಅಂತ ಎಕ್ಸ್ ಬರದು ಹೋಗಿದ್ದೆ" ಅಂದಳು. ಒಳಗೆ ಜ್ಯೋತಿ ಅಳಲು ಶುರುಮಾಡಿದಳು. "ಅಳಿಸಿ ಪಿ ಬರಿ ಅಂತ ಅವರೇ ಹೇಳ್ಯಾರ್ರಿ ಅತ್ತಿ. ಹನಿ ಹಾಕಿಸಬಾರ್ದು ಅಂತ ಯಾವುದೋ ವಿಡಿಯೊನೂ ಕಳಿಸ್ಯಾರ."

ನಿನಗೆ ನಾಚಿಕೆ ಇದೆಯೇನೋ? ಆ ವಿಡಿಯೊ ಮಾಡಿದವನ ಮನೆಯಲ್ಲಿ ಯಾರೂ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಏಳುವುದಿಲ್ಲ. ನಮ್ಮ ಮನೆಯಲ್ಲಿ ನಿನ್ನ ತಮ್ಮ ಸಂಜೀವ ದಿನಾ ಏಳುತ್ತಾನೆ. ಟೇಲರಿಂಗ್ ಮಷಿನ್ ತುಳಿಯಲಾಗದೆ ಮೋಟಾರು ಕೂಡಿಸಿಕೊಂಡಿದ್ದಾನೆ. ನಮ್ಮವ್ವನ ಕಾಲದಲ್ಲಿ ಸಿಡುಬು ಬಂದರೆ ಬೇವಿನ ಸೊಪ್ಪು ಹಾಸಿ ಕೈಮುಗಿಯುವುದೊಂದೇ ದಾರಿ. ಇಬ್ಬರು ಮಕ್ಕಳನ್ನು ಮಣ್ಣಿಗೆ ಕೊಟ್ಟಳು. ಅವಳಿಗೆ ಔಷಧಿ ಸಿಗಲಿಲ್ಲ. ನಮಗೆ ಬಾಗಿಲಿಗೇ ಬಂದಿತ್ತು.

ಈ ವಿದ್ಯೆ ನೀನು ಎಲ್ಲಿ ಕಲಿತೆ ಎಂದು ನನಗೆ ಗೊತ್ತು. ನಾನೇ ಕಲಿಸಿದ್ದು. ಆಗ ಸಂಜೀವ ವರ್ಷದ ಕೂಸು. ಒಮ್ಮೆ ಹನಿ ಹಾಕಿಸಿದ ಮೇಲೆ ಎರಡು ದಿನ ಭೇದಿಯಾಗಿತ್ತು. ಅದಕ್ಕೆ ಹೆದರಿ, ಮುಂದಿನ ಸಲ ಅವರು ಬಂದಾಗ ಕೀಲಿ ಹಾಕಿ ನಿಮ್ಮಿಬ್ಬರನ್ನೂ ಕಟ್ಟಿಕೊಂಡು ಹಿತ್ತಲಲ್ಲಿ ಕುಳಿತೆ. ಎಕ್ಸ್ ಬರೆದು ಹೋದರು. ನನಗೆ ಇಂಗ್ಲಿಷ್ ಅಕ್ಷರ ಬರೆಯಲು ಬಾರದು. ಐದನೇ ಇಯತ್ತೆಯ ನಿನ್ನ ಕೈಗೆ ಸೀಮೆಸುಣ್ಣ ಕೊಟ್ಟು, ಅದನ್ನು ಅಳಿಸಿ ಪಕ್ಕದ ಮನೆಯ ಪಿ ನೋಡಿ ಬರೆ ಎಂದೆ. ನೀನು ದುಂಡಗೆ ಬರೆದೆ, ನಾನು ಶಾಣ್ಯಾ ಎಂದೆ. ಅದಾಗಿ ಆರು ತಿಂಗಳಿಗೆ ಸಂಜೀವನಿಗೆ ಜ್ವರ ಬಂತು, ಕಾಲು ಹೋಯಿತು. ನಿಮ್ಮಪ್ಪನಿಗೂ ಹೇಳದೆ ದೇವರ ಇಚ್ಛೆ ಎಂದುಬಿಟ್ಟೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನನಗಾದರೂ ಕೆಟ್ಟ ಮೇಲೆ ಬಂತು. ಕಣ್ಣಾರೆ ಕಂಡ ನಿನಗೆ ಅದೂ ಬರಲಿಲ್ಲವಲ್ಲ, ಅದಕ್ಕೆ ನನ್ನ ಮೈ ಉರಿಯುತ್ತಿದೆ.

ನಾಳೆ ಕೂಸನ್ನು ನಾನೇ ಆಸ್ಪತ್ರೆಗೆ ಒಯ್ಯುತ್ತೇನೆ. "ಅವರನ್ನ ಕೇಳದ ಬಿಡಂಗಿಲ್ಲ" ಎಂದು ಜ್ಯೋತಿ ಹಟ ಹಿಡಿದಿದ್ದಾಳೆ. ನಾನು ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಒಳ್ಳೆಯದಾಗಲಿ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಆದರೂ ಒಳ್ಳೆಯದೇ ಆಗಲಿ. ಬೆನ್ನಿಗೆ ಎಣ್ಣೆ ಹಚ್ಚಿಕೊ.

ನಿನ್ನ ಅವ್ವ,
ಸುಶೀಲವ್ವ

ತಾ.ಕ.: ಗುರುವಾರ ಮಧ್ಯಾಹ್ನ. ಅಂಚೆಗೆ ಹಾಕಲೆಂದು ಈ ಕಾಗದವನ್ನು ಸಂಜೀವನ ಮಷಿನ್ ಮೇಲೆ ಇಟ್ಟಿದ್ದೆ. ಲಕೋಟೆ ಅಂಟಿಸಲು ಮರೆತೆನೋ, ಬೇಕೆಂದೇ ಬಿಟ್ಟೆನೋ. ಓದಿದ. ಒದ್ದೆ ಬಟ್ಟೆ ತಂದು ಬಾಗಿಲ ಗುರುತು ಒರೆಸಿದ. "ವೈನಿ, ಕೂಸಿನ್ನ ಎತ್ಗೊಂಡ ಬರ್ರಿ, ಗಾಡಿ ತಗೀತೇನಿ" ಅಂದ. ಜ್ಯೋತಿ ಅವನ ಕಾಲು ನೋಡಿದಳು, ಕೂಸನ್ನು ಎತ್ತಿಕೊಂಡು ಹೋದಳು. ಹನಿ ಹಾಕಿಸಿದ್ದಾಯಿತು. ಬಂದ ಮೇಲೆ ನನ್ನ ಮುಖ ನೋಡದೆ ಕೇಳಿದ: "ಆವಾಗ ಅಣ್ಣಗ ಎಷ್ಟ ವಯಸ್ಸಿತ್ತು?" ಹತ್ತು ಅಂದೆ. "ಹಂಗಾರ ಅವನ ತಪ್ಪಲ್ಲ ಬಿಡು" ಅಂದ. ನನ್ನ ವಯಸ್ಸು ಕೇಳಲಿಲ್ಲ.